ಪಂದ್ಯದ ಮುನ್ನಾದಿನ

"ಟೀಚರ್, ನಾಳೆ ಮ್ಯಾಚ್ ಅಂತೆ. ಇವತ್ತು ಕತ್ತಲಾಗುವವರೆಗೆ ಆಡಿಸುತ್ತೀರೆಂದು ಅಂದುಕೊಂಡಿದ್ದೆ. ಇವಳು ನೋಡಿದರೆ ಐದೂವರೆಗೇ ಮನೆಗೆ ಬಂದು ಕೂತಿದ್ದಾಳೆ! ಏನಾದರೂ ಗಲಾಟೆ ಆಯಿತಾ?"

2024ರ ಆಗಸ್ಟ್ ತಿಂಗಳ ಒಂದು ಸಂಜೆ ನನಗೆ ಬಂದ ಫೋನ್ ಇದು. ಮಾತನಾಡಿದ್ದು ನನ್ನ ತಂಡದ ಹುಡುಗಿಯೊಬ್ಬಳ ತಾಯಿ. ಗಲಾಟೆ ಏನೂ ಆಗಿರಲಿಲ್ಲ. ನಾನೇ ಬೇಗ ಬಿಟ್ಟಿದ್ದೆ. ಯಾಕೆ ಬಿಟ್ಟೆ ಎಂದು ಅವರಿಗೆ ವಿವರಿಸಲು ಕಾಲು ಗಂಟೆ ಹಿಡಿಯಿತು. ಅದೇ ಮಾತನ್ನು ಇಂದು ನಿಮ್ಮೆದುರು ಸ್ವಲ್ಪ ವಿಸ್ತಾರವಾಗಿ ಹೇಳೋಣವೆಂದು ಕೂತಿದ್ದೇನೆ.

ಆಟದ ವಿಷಯ ನಮಗೇಕೆ ಎಂದು ಪುಟ ಮಗುಚಬೇಡಿ. ನಿಮ್ಮ ಮನೆಯಲ್ಲೂ ಮದುವೆಗಳು ನಡೆದಿರುತ್ತವೆ. ಮದುವೆಯ ಹಿಂದಿನ ದಿನ ಯಾರಾದರೂ ಹೊಸ ಬಗೆಯ ಬಿರಿಯಾನಿ ಕಲಿಯಲು ಹೊರಡುತ್ತಾರೆಯೇ? ಮದುಮಗಳ ಕೈಗೆ ಪೊರಕೆ ಕೊಟ್ಟು ಅಂಗಳ ಗುಡಿಸು ಎನ್ನುತ್ತಾರೆಯೇ? ಇಲ್ಲ. ಅವಳ ಎರಡೂ ಕೈಗೆ ಮದರಂಗಿ ಹಾಕಿ ಕೂರಿಸುತ್ತೇವೆ. ಕೈಯಲ್ಲಿ ಹಸಿ ಮದರಂಗಿ ಇರುವವಳು ಏನೂ ಮಾಡುವ ಹಾಗಿಲ್ಲ, ತುತ್ತು ಕೂಡ ಬೇರೆಯವರೇ ಬಾಯಿಗೆ ಇಡಬೇಕು. ಮದರಂಗಿ ಹುಟ್ಟಿದ್ದು ಬಣ್ಣಕ್ಕಲ್ಲ, ಹುಡುಗಿಯನ್ನು ಒಂದು ರಾತ್ರಿಯಾದರೂ ಸುಮ್ಮನೆ ಕೂರಿಸುವುದಕ್ಕೆ ಎಂದು ನನಗೆ ಎಷ್ಟೋ ಸಲ ಅನಿಸಿದೆ!

ಮದುವೆ ಮನೆಯಲ್ಲಿ ಇಷ್ಟು ಚೆನ್ನಾಗಿ ಗೊತ್ತಿರುವ ಸಂಗತಿ ಆಟದ ಬಯಲಿನಲ್ಲಿ ನನಗೆ ಮರೆತು ಹೋಗಿತ್ತು. ಅದನ್ನು ಮತ್ತೆ ಕಲಿಯಲು ಒಬ್ಬ ಹುಡುಗಿ ಬೆಲೆ ತೆರಬೇಕಾಯಿತು.

ನನ್ನೂರು ವಾಮದಪದವು. ಬಂಟ್ವಾಳ ತಾಲೂಕಿನವರಾದರೂ ಬೆಳ್ತಂಗಡಿ, ಮೂಡಬಿದಿರೆ ಎರಡೂ ಕಡೆಗೆ ನಾವು ನೆಂಟರು. ಪದವು ಎಂದರೆ ಎತ್ತರದ ಬಯಲು ನೆಲ. ಕೆಳಗೆ ಅಡಿಕೆ ತೋಟ, ಮೇಲೆ ಕೆಂಪು ಮುರಕಲ್ಲಿನ ನೆಲ. ಅಂಥ ನೆಲದಲ್ಲಿ ಸಂಜೆಯಾದರೆ ಹುಡುಗರು ವಾಲಿಬಾಲ್ ಬಲೆ ಕಟ್ಟುತ್ತಾರೆ, ಕಬಡ್ಡಿ ಗೆರೆ ಎಳೆಯುತ್ತಾರೆ. ಹುಡುಗಿಯರಿಗೆ ಶಾಲೆಯಲ್ಲಿ ತ್ರೋಬಾಲ್, ಕೊಕ್ಕೊ. ಬಾಸ್ಕೆಟ್‌ಬಾಲ್ ನಮ್ಮ ಕಡೆಯ ಆಟವಲ್ಲ. ಅದು ಬೆಂಗಳೂರು, ಮಂಡ್ಯದ ಕಡೆಯವರ ಆಟ, ಇಲ್ಲವೇ ಮಂಗಳೂರಿನ ಕಾಲೇಜುಗಳ ಆಟ ಎಂದೇ ನಾನು ತಿಳಿದಿದ್ದೆ. ದೈಹಿಕ ಶಿಕ್ಷಣದ ತರಬೇತಿಗೆ ಸೇರಿದಾಗ ಮೊದಲ ಸಲ ಆ ಕಿತ್ತಳೆ ಬಣ್ಣದ ಚೆಂಡನ್ನು ಮುಟ್ಟಿದ್ದು. ಮುಸ್ಲಿಂ ಹುಡುಗಿ ಪಿ.ಟಿ. ಟೀಚರ್ ಆಗುವುದೇ ಎಂದು ಕೇಳಿದವರಿದ್ದರು. ಆ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಊರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಪ್ರೌಢಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅಲ್ಲಿ ಹಳೆ ವಿದ್ಯಾರ್ಥಿಗಳು ಕಟ್ಟಿಸಿಕೊಟ್ಟ ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಕಣವಿತ್ತು. ಅಂಕಣವೆಂದರೆ 28 ಮೀಟರ್ ಉದ್ದ, 15 ಮೀಟರ್ ಅಗಲ. ನೆಲದಿಂದ 3.05 ಮೀಟರ್ ಎತ್ತರದಲ್ಲಿ ಕಬ್ಬಿಣದ ಬಳೆ. ನಾನು ಹೋದಾಗ ಅದರ ಮೇಲೆ ಅಡಿಕೆ ಒಣಗಲು ಹಾಕಿದ್ದರು. ಮಳೆಗಾಲದಲ್ಲಿ ಪಾಚಿ ಕಟ್ಟಿ ಹಸಿರಾಗುತ್ತಿತ್ತು. ಮೊದಲ ವರ್ಷ ನಾನೂ ಹುಡುಗಿಯರೂ ಮಾಡಿದ್ದು ಆಟಕ್ಕಿಂತ ಹೆಚ್ಚಾಗಿ ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಕಡ್ಡಿಯ ಪೊರಕೆಯಿಂದ ಉಜ್ಜುವ ಕೆಲಸ.

ಈ ಆಟವನ್ನು 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಹಣ್ಣಿನ ಬುಟ್ಟಿ ಕಟ್ಟಿ ಶುರು ಮಾಡಿದರು ಎಂಬುದು ಹಲವರಿಗೆ ಗೊತ್ತು. ಸ್ವಲ್ಪವೇ ಸಮಯದಲ್ಲಿ ಪಕ್ಕದ ಊರಿನ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. 1893ರ ಮಾರ್ಚ್‌ನಲ್ಲಿ ಅಲ್ಲಿ ನಡೆದ ಹುಡುಗಿಯರ ಪಂದ್ಯಕ್ಕೆ ಗಂಡಸರಿಗೆ ಪ್ರವೇಶವೇ ಇರಲಿಲ್ಲವಂತೆ. ಹೆತ್ತವರ ಸಭೆಯಲ್ಲಿ ನಾನು ಇದನ್ನು ಹೇಳಿದಾಗ ಹಿಂದಿನ ಬೆಂಚಿನ ತಾಯಂದಿರು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ಆ ವರ್ಷ ತಂಡಕ್ಕೆ ನಾಲ್ಕು ಹುಡುಗಿಯರು ಹೆಚ್ಚು ಬಂದರು.

ಅವರಲ್ಲಿ ಒಬ್ಬಳ ವಿಷಯವೇ ನಾನು ಹೇಳಬೇಕಾದದ್ದು. ಹೆಸರು ಬೇಡ. ನಮ್ಮೂರಿನವಳೇ, ನಾನು ಹತ್ತುವ ಬಸ್ಸನ್ನೇ ಹತ್ತುವವಳು. ಒಂಬತ್ತನೆಯ ತರಗತಿಗೇ ಐದಡಿ ಏಳಂಗುಲ. ಮನೆಯಲ್ಲಿ ಅವಳ ಎತ್ತರವೇ ಒಂದು ಚಿಂತೆ, "ಇವಳಿಗೆ ಹುಡುಗ ಎಲ್ಲಿ ಸಿಗುತ್ತಾನೆ" ಎಂದು. ಬೆನ್ನು ಬಾಗಿಸಿ ನಡೆಯುವ ಅಭ್ಯಾಸ ಮಾಡಿಕೊಂಡಿದ್ದಳು. ಅಂಕಣಕ್ಕೆ ಬಂದ ಮೇಲೆ ಬೆನ್ನು ನೆಟ್ಟಗಾಯಿತು. ಬಾಗಿದವಳಿಗೆ ಬಳೆ ದೂರ, ನಿಂತವಳಿಗೆ ಹತ್ತಿರ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

2018. ಆ ವರ್ಷದ ಮಳೆ ನಿಮಗೆ ನೆನಪಿರಬಹುದು. ಕೊಡಗಿನಲ್ಲಿ ಗುಡ್ಡಗಳು ಜರಿದ ವರ್ಷ, ಶಿರಾಡಿ ಘಾಟಿ ಮುಚ್ಚಿದ ವರ್ಷ. ನಮ್ಮ ಕಡೆಯೂ ಮಳೆ ರಜೆಯ ಮೇಲೆ ರಜೆ. ಶಾಲಾ ಕ್ರೀಡಾಕೂಟಗಳ ಕ್ರಮ ನಿಮಗೆ ಗೊತ್ತಲ್ಲ? ತಾಲೂಕು, ಜಿಲ್ಲೆ, ವಿಭಾಗ, ಆಮೇಲೆ ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಅದೆಲ್ಲ ಶುರುವಾಗುವುದೇ ಈ ಸುರಿಯುವ ತಿಂಗಳುಗಳಲ್ಲಿ. ಎರಡು ವಾರಗಳಲ್ಲಿ ನಮಗೆ ಅಭ್ಯಾಸಕ್ಕೆ ಸಿಕ್ಕಿದ್ದು ನಾಲ್ಕೇ ದಿನ. ನನ್ನ ಎದೆ ಡವಡವ. ತಪ್ಪಿಹೋದ ದಿನಗಳನ್ನೆಲ್ಲ ಪಂದ್ಯದ ಹಿಂದಿನ ದಿನ ಒಂದೇ ಸಂಜೆಯಲ್ಲಿ ತೀರಿಸಿಬಿಡಬೇಕೆಂದು ಹೊರಟೆ.

ನಾಲ್ಕು ಗಂಟೆಗೆ ಶುರು. ಇಪ್ಪತ್ತು ನಿಮಿಷ ಬರೀ ಓಟ. ಗೆರೆಯಿಂದ ಗೆರೆಗೆ, ಮುಟ್ಟಿ ವಾಪಸು, ಮತ್ತೆ ಮುಂದಿನ ಗೆರೆ. ಆಮೇಲೆ ಹಿಂದಿನ ರಾತ್ರಿ ಪುಸ್ತಕದಲ್ಲಿ ಓದಿದ್ದ ಹೊಸ ಬಗೆಯ ರಕ್ಷಣೆಯ ಆಟ. ಇಬ್ಬರು ಮುಂದೆ, ಮೂವರು ಹಿಂದೆ ನಿಂತು ಜಾಗ ಕಾಯುವುದು. ಅದು ಅವರ ತಲೆಗೆ ಹೋಗಲಿಲ್ಲ. ಹೋಗದಿದ್ದಾಗ ನನ್ನ ಧ್ವನಿ ಏರಿತು. ಧ್ವನಿ ಏರಿದಾಗ ಇನ್ನೂ ಹೋಗಲಿಲ್ಲ. ಶಿಕ್ಷೆಯಾಗಿ ಮತ್ತೆ ಓಟ. ಆರು ಗಂಟೆಯ ಹೊತ್ತಿಗೆ ನನ್ನ ಆ ಉದ್ದ ಹುಡುಗಿ ಬಳೆಯ ಕೆಳಗೆ ಕುಸಿದು ಕೂತಳು. ತುಟಿ ಬಿಳಿಚಿತ್ತು. ಕಾಲಿನ ಮೀನಖಂಡ ಕಲ್ಲಿನಂತೆ ಬಿಗಿದಿತ್ತು.

ನೀರಿನ ಬಾಟಲಿ ಕೊಟ್ಟರೆ ತಲೆಯಾಡಿಸಿದಳು. ಬೇಡ ಎಂದಳು. ಯಾಕೆ ಎಂದು ಗದರಿದೆ. ಪಕ್ಕದಲ್ಲಿದ್ದ ಗೆಳತಿ ಹೇಳಿದಳು, "ಟೀಚರ್, ಅವಳಿಗೆ ನೋಂಬು."

ಓದುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ರಮಝಾನ್‌ನಲ್ಲಿ ನಮಗೆ ತಪ್ಪುವ ದಿನಗಳಿರುತ್ತವಲ್ಲ, ಆ ಕಝಾ. ಜೂನ್ ನಡುವಿನಲ್ಲಿ ಈದ್ ಕಳೆದಿತ್ತು. ಹುಡುಗಿ ಸೋಮವಾರಕ್ಕೊಂದು, ಗುರುವಾರಕ್ಕೊಂದು ಎಂದು ಯಾರಿಗೂ ಹೇಳದೆ ತೀರಿಸುತ್ತಾ ಬಂದಿದ್ದಳು. ಗಂಡು ಮೇಷ್ಟ್ರಾಗಿದ್ದರೆ ಗೊತ್ತಾಗಲಿಲ್ಲ ಎನ್ನಬಹುದಿತ್ತು. ನಾನು ಹೆಣ್ಣು, ನಾನು ಮುಸ್ಲಿಂ. ನನ್ನ ಕಝಾದ ಲೆಕ್ಕವೂ ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಚುಕ್ಕೆ ಚುಕ್ಕೆಯಾಗಿ ಇತ್ತು. ಆದರೂ ನನಗೆ ಕೇಳಬೇಕೆಂದು ಹೊಳೆಯಲಿಲ್ಲ.

ಅವಳು ವಾಂತಿ ಮಾಡಿಕೊಂಡಳು. ಬಾಯಿ ಒಣಗಿ ಕಣ್ಣು ಮೇಲೆ ಹೋಗುತ್ತಿತ್ತು. ನಾನೇ ಹಟ ಮಾಡಿ ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿದೆ. ನಮ್ಮ ಕನ್ನಡ ಟೀಚರ್ ಅವಳ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಅಳಲು ಶುರು ಮಾಡಿದಳು. ಕಾಲು ನೋವಿಗೆ ಎಂದುಕೊಂಡೆ. ಅಲ್ಲ. "ಇದು ಕೊನೆಯದ್ದಾಗಿತ್ತು ಟೀಚರ್" ಎಂದಳು. ಆಗ ಮಗ್ರಿಬ್‌ಗೆ ಇನ್ನು ಮುಕ್ಕಾಲು ಗಂಟೆಯೂ ಇರಲಿಲ್ಲ.

ಮರುದಿನದ ಪಂದ್ಯದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅವಳು ಬದಿಯಲ್ಲಿ ಕೂತಿದ್ದಳು. ಉಳಿದವರ ಕಾಲುಗಳು ಮರದ ಕೊರಡುಗಳಾಗಿದ್ದವು. ಹಿಂದಿನ ದಿನ ಕಲಿಸಿದ ಹೊಸ ಆಟ ಯಾರಿಗೂ ನೆನಪಿರಲಿಲ್ಲ. ಅದರ ಗೊಂದಲದಲ್ಲಿ ಗೊತ್ತಿದ್ದ ಹಳೆಯದೂ ಮರೆತಿತ್ತು. ಯಾರೂ ಅಡ್ಡ ಬರದ, ನಿಂತು ನಿಧಾನವಾಗಿ ಎಸೆಯುವ ಫ್ರೀ ಥ್ರೋ ನಮಗೆ ಹದಿನಾಲ್ಕು ಸಿಕ್ಕಿದವು. ಬಿದ್ದದ್ದು ಮೂರು.

ಮೂರು ದಿನ ಬಿಟ್ಟು ಅವಳ ತಂದೆ ನಮ್ಮೂರ ಪೇಟೆಯಲ್ಲಿ ಸಿಕ್ಕಿದರು. ಬೈಯಲಿಲ್ಲ. ಸಲಾಂ ಹೇಳಿದರು, ಮನೆಯವರನ್ನೆಲ್ಲ ವಿಚಾರಿಸಿದರು. ಕೊನೆಗೆ, "ಟೀಚರ್, ಅವಳಿಗೆ ಆಟ ಸಾಕು" ಎಂದರು. ಬೈದಿದ್ದರೆ ವಾದ ಮಾಡಬಹುದಿತ್ತು. ಒಂದು ಭಾನುವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳ ಉಮ್ಮ ಚಹಾ, ಪತ್ತಿರಿ ತಂದಿಟ್ಟರು. ಅವರ ಒಂದೇ ಮಾತು ನನ್ನಲ್ಲಿ ಇನ್ನೂ ಇದೆ. "ಓಡು ಎಂದು ಹೇಳಿದಿರಿ. ಉಂಡಿದ್ದೀಯಾ ಎಂದು ಕೇಳಲಿಲ್ಲ."

ಹುಡುಗಿ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಹತ್ತನೆಯ ತರಗತಿ ಮುಗಿಸುವವರೆಗೂ ಬಸ್ಸಿನಲ್ಲಿ ನನ್ನನ್ನು ಕಂಡರೆ ನಗುತ್ತಿದ್ದಳು, ಆದರೆ ಅಂಕಣದ ಕಡೆಯ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದಳು. ಬೆನ್ನು ಮತ್ತೆ ಸ್ವಲ್ಪ ಬಾಗಿತ್ತೋ, ನನಗೇ ಹಾಗೆ ಕಾಣುತ್ತಿತ್ತೋ.

ಆ ಮೇಲೆ ನಾನು ಓದಲು ಕೂತೆ. ಮೊದಲೇ ಓದಬೇಕಿತ್ತು, ಅದು ಬೇರೆ ಮಾತು. ನಮ್ಮ ಸ್ನಾಯುಗಳಲ್ಲಿ ಒಂದು ಬಗೆಯ ಸಕ್ಕರೆ ಸಂಗ್ರಹವಾಗಿರುತ್ತದೆ, ಗ್ಲೈಕೋಜನ್ ಎನ್ನುತ್ತಾರೆ. ಓಡುವಾಗ ಖರ್ಚಾಗುವ ಕಟ್ಟಿಗೆ ಅದೇ. ಅದನ್ನು ಪೂರ್ತಿ ಬರಿದು ಮಾಡಿದರೆ, ಚೆನ್ನಾಗಿ ಉಂಡರೂ ಮತ್ತೆ ತುಂಬಲು ಸುಮಾರು ಒಂದು ಹಗಲು ಒಂದು ರಾತ್ರಿ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಅಭ್ಯಾಸವಿಲ್ಲದ ಶ್ರಮದ ಮೈ ನೋವು ಕೂಡ ಆ ದಿನವಲ್ಲ, ಮರುದಿನದಿಂದ ಮೂರನೆಯ ದಿನದವರೆಗೆ ಜೋರಾಗಿ ಇರುತ್ತದೆ. ವರ್ಷಕ್ಕೊಮ್ಮೆ ಅಟ್ಟ ಗುಡಿಸಿದ ಮರುದಿನ ನಿಮ್ಮ ತೋಳು ಎತ್ತಲಾಗುವುದಿಲ್ಲವಲ್ಲ, ಅದೇ. ಅಂದರೆ ಹಿಂದಿನ ಸಂಜೆ ಬೆವರಿಳಿಸಿದರೆ ಅದರ ಲಾಭ ಮರುದಿನಕ್ಕೆ ಸಿಗುವುದಿಲ್ಲ. ನಷ್ಟ ಮಾತ್ರ ಸಿಗುತ್ತದೆ. ಉಪವಾಸಕ್ಕೆ ಕಝಾ ಇದೆ. ಅಭ್ಯಾಸಕ್ಕೆ ಇಲ್ಲ.

ಇನ್ನೊಂದು ಸಂಗತಿ ನಿದ್ರೆಯದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶೆರಿ ಮಾ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು ಅಲ್ಲಿನ 11 ಬಾಸ್ಕೆಟ್‌ಬಾಲ್ ಆಟಗಾರರನ್ನು ಐದರಿಂದ ಏಳು ವಾರಗಳ ಕಾಲ ರಾತ್ರಿ 10 ಗಂಟೆಯಷ್ಟು ಹಾಸಿಗೆಯಲ್ಲಿರುವಂತೆ ಮಾಡಿದರು. ಮೊದಲು 10 ಫ್ರೀ ಥ್ರೋಗಳಲ್ಲಿ ಸರಾಸರಿ 7.9 ಹಾಕುತ್ತಿದ್ದವರು ಆಮೇಲೆ 8.8 ಹಾಕಿದರು. ಓಟದ ವೇಗವೂ ಹೆಚ್ಚಿತು. 2011ರಲ್ಲಿ ಪ್ರಕಟವಾದ ಅಧ್ಯಯನ ಅದು. ಬರೀ ಹನ್ನೊಂದು ಮಂದಿ, ಅದೂ ಗಂಡು ಹುಡುಗರು ಎಂದು ನೀವು ಹೇಳಬಹುದು. ಸರಿ. ಆದರೆ ಪಂದ್ಯದ ಹಿಂದಿನ ದಿನ ಏಳೂವರೆಗೆ ಮನೆ ಸೇರಿ, ಬಟ್ಟೆ ಒಗೆದು, ಹೋಂವರ್ಕ್ ಮಾಡಿ ಹನ್ನೊಂದಕ್ಕೆ ಮಲಗುವ ನಮ್ಮ ಹುಡುಗಿಯರಿಗೆ ನಾನು ಏನು ಮಾಡುತ್ತಿದ್ದೆ ಎಂದು ತಿಳಿಯಲು ನನಗೆ ಅಷ್ಟು ಸಾಕಾಯಿತು.

ಹಾಗಾದರೆ ಹಿಂದಿನ ದಿನ ಏನೂ ಮಾಡದಿರುವುದೇ ಒಳ್ಳೆಯದೇ? ಹಾಗೆ ಹೇಳುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಒಂದು ವರ್ಷ ಮಾಡಿ ನೋಡಿದೆ. ಖಾಲಿ ಸಂಜೆಯಲ್ಲಿ ಹುಡುಗಿಯರು ಒಬ್ಬರನ್ನೊಬ್ಬರು ಹೆದರಿಸಿಕೊಂಡರು. ಎದುರಿನ ತಂಡದಲ್ಲಿ ಆರಡಿಯ ಹುಡುಗಿ ಇದ್ದಾಳಂತೆ, ಕಳೆದ ಸಲ ಯಾರದೋ ಹಲ್ಲು ಮುರಿದಳಂತೆ ಎಂದು! ಕೈಗೆ ಚೆಂಡು ಬೇಕು, ಮೈಗೆ ಸ್ವಲ್ಪ ಬಿಸಿ ಬೇಕು. ಅಮೆರಿಕದ ಲಾಸ್ ಏಂಜಲಿಸ್ ಲೇಕರ್ಸ್ ತಂಡಕ್ಕೆ 1971ರಲ್ಲಿ ಬಿಲ್ ಶರ್ಮನ್ ತರಬೇತುದಾರರಾಗಿ ಬಂದರು. ತಾವು ಆಟಗಾರರಾಗಿದ್ದಾಗಲೇ ಪಂದ್ಯದ ದಿನ ಬೆಳಿಗ್ಗೆ ಅಂಕಣಕ್ಕೆ ಹೋಗಿ ಸುಮ್ಮನೆ ಒಂದಷ್ಟು ಚೆಂಡು ಎಸೆದು ಬರುವ ರೂಢಿ ಮಾಡಿಕೊಂಡಿದ್ದವರು ಅವರು. ಅದನ್ನೇ ಇಡೀ ತಂಡಕ್ಕೆ ಮಾಡಿಸಿದರು. ಬೆಳಿಗ್ಗೆ ಏಳುವುದೆಂದರೆ ಆಗದ ದೈತ್ಯ ಆಟಗಾರ ವಿಲ್ಟ್ ಚೇಂಬರ್ಲೇನ್ ಕೂಡ ಗೊಣಗುತ್ತಾ ಬಂದರಂತೆ. ಆ ಋತುವಿನಲ್ಲಿ ಅವರು ಸತತ 33 ಪಂದ್ಯ ಗೆದ್ದರು. ನಮ್ಮ ಪಂದ್ಯಗಳು ಬೆಳಿಗ್ಗೆ ಒಂಬತ್ತಕ್ಕೇ ಶುರುವಾಗುವುದರಿಂದ ನಮಗೆ ಆ ಬೆಳಗು ಸಿಗುವುದಿಲ್ಲ. ಹಿಂದಿನ ಸಂಜೆಯೇ ನಮ್ಮ ಬೆಳಗು.

ಈಗ ನಾನು ಮಾಡುವುದು ಹೀಗೆ. ಒಟ್ಟು ನಲವತ್ತು ನಿಮಿಷ, ಒಂದು ನಿಮಿಷವೂ ಹೆಚ್ಚಿಲ್ಲ. ಗಡಿಯಾರವನ್ನು ತಂಡದ ಅತಿ ಚಿಕ್ಕ ಹುಡುಗಿಯ ಕೈಗೆ ಕೊಡುತ್ತೇನೆ. ಸಮಯವಾಯಿತು ಎಂದು ಅವಳು ಕೂಗಿದರೆ ನಾನೂ ನಿಲ್ಲಿಸಬೇಕು. ನನ್ನ ಮೇಲೆ ನನಗೆ ನಂಬಿಕೆ ಇಲ್ಲದಿರುವುದರಿಂದ ಈ ಏರ್ಪಾಡು.

ಮೊದಲು ಎಲ್ಲರಿಗೂ ಒಂದೊಂದು ನೆಲಗಡಲೆ ಚಿಕ್ಕಿ ಹಂಚುತ್ತೇನೆ. ತಿಂದವರು ತಿಂದರು. ಯಾರಾದರೂ ಅದನ್ನು ಮೆಲ್ಲನೆ ಚೀಲಕ್ಕೆ ಹಾಕಿಕೊಂಡರೆ ನಾನು ನೋಡಿಟ್ಟುಕೊಳ್ಳುತ್ತೇನೆ. ಯಾಕೆ ಎಂದು ಕೇಳುವುದಿಲ್ಲ. ಕಝಾ ಇರಬಹುದು. ನಮ್ಮ ತಂಡದಲ್ಲಿ ಸೋಣ ತಿಂಗಳ ಶನಿವಾರ ಒಪ್ಪೊತ್ತು ಮಾಡುವ ಹಿಂದೂ ಹುಡುಗಿಯರೂ ಇದ್ದಾರೆ. ಹೊಟ್ಟೆ ನೋವಿನ ದಿನವೂ ಇರಬಹುದು. ಹದಿನಾಲ್ಕು ವರ್ಷದ ಹುಡುಗಿಗೆ ಹತ್ತು ಜನರ ಎದುರು ಬಾಯಿಬಿಟ್ಟು ಹೇಳಲು ಕಷ್ಟ. ಅವಳಿಗೆ ಅಂದು ಸ್ಕೋರ್ ಬರೆಯುವ ಕೆಲಸ. ನಿಂತಲ್ಲೇ ನಾಲ್ಕು ಚೆಂಡು ಎಸೆದರೆ ಸಾಕು.

ಆಮೇಲೆ ಅಂಕಣವನ್ನು ಎರಡು ಸುತ್ತು ನಡಿಗೆ, ಒಂದು ಸುತ್ತು ನಿಧಾನ ಓಟ. ಐದು ನಿಮಿಷ ಒಬ್ಬೊಬ್ಬರಾಗಿ ಓಡಿ ಬಂದು ಬಳೆಯ ಹತ್ತಿರದಿಂದ ಚೆಂಡು ಹಾಕುವುದು. ಯಾರೂ ಯಾರನ್ನೂ ತಡೆಯುವಂತಿಲ್ಲ, ಮೈ ತಾಗಿಸುವಂತಿಲ್ಲ. ಬದಿಯ ಗೆರೆಯಿಂದ ಚೆಂಡು ಒಳಗೆ ಹಾಕುವಾಗ ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ನಡೆದೇ ತೋರಿಸುತ್ತಾರೆ, ನಾಟಕದ ರಿಹರ್ಸಲ್‌ನಂತೆ. ಹೊಸದು ಒಂದೂ ಇಲ್ಲ. ನನಗೆ ಹೊಸದೇನಾದರೂ ಹೊಳೆದರೆ ಡೈರಿಯಲ್ಲಿ ಬರೆದು ಮುಂದಿನ ವಾರಕ್ಕೆ ಇಡುತ್ತೇನೆ.

ಕೊನೆಗೆ ಫ್ರೀ ಥ್ರೋ. ಬೋರ್ಡಿನಿಂದ 4.6 ಮೀಟರ್ ದೂರದ ಗೆರೆಯ ಹಿಂದೆ ಒಬ್ಬೊಬ್ಬಳೇ ನಿಲ್ಲಬೇಕು. ಸತತ ಎರಡು ಬಿದ್ದರೆ ಅವಳ ಆ ದಿನದ ಅಭ್ಯಾಸ ಮುಗಿಯಿತು. ಬೀಳದವಳು ಆರು ಎಸೆದು ನಿಲ್ಲಿಸಬೇಕು, ನಾನೇ ಹತ್ತಿರ ಹೋಗಿ ಬಳೆಯ ಕೆಳಗಿನಿಂದ ಒಂದು ಸುಲಭದ್ದನ್ನು ಹಾಕಿಸಿ ಕಳಿಸುತ್ತೇನೆ. ಚೆಂಡು ಬಲೆಯೊಳಗಿಂದ ಇಳಿಯುವ ಸದ್ದು ಕಿವಿಯಲ್ಲಿಟ್ಟುಕೊಂಡು ಮನೆಗೆ ಹೋಗಬೇಕು. ಮಳೆ ಬಂದರೆ? ಬಂದೇ ಬರುತ್ತದೆ! ಆಗ ಶಾಲೆಯ ಜಗುಲಿಯಲ್ಲಿ ಗೋಡೆಗೆ ಎದುರಾಗಿ ಚೆಂಡು ಎಸೆದು ಹಿಡಿಯುವುದು, ಅಷ್ಟೇ. ಪಾಚಿಯ ಮೇಲೆ ಜಾರಿ ಕಾಲು ಮುರಿದುಕೊಳ್ಳುವುದಕ್ಕೆ ಪಂದ್ಯದ ಹಿಂದಿನ ದಿನ ಬೇಕಾಗಿಲ್ಲ.

ಉಳಿದ ಹತ್ತು ನಿಮಿಷ ಚೀಲ ಬಿಚ್ಚುವ ಕೆಲಸ. ನನಗೆ ಇದೇ ಮುಖ್ಯ. ಅಮೆರಿಕದ ಜಾನ್ ವುಡನ್ ಎಂಬ ತರಬೇತುದಾರರ ಕಾಲೇಜು ತಂಡ 12 ವರ್ಷಗಳಲ್ಲಿ 10 ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು. ಅವರು ಪ್ರತಿ ವರ್ಷ ಮೊದಲ ದಿನ ಕಲಿಸುತ್ತಿದ್ದದ್ದು ಕಾಲುಚೀಲ ಹಾಕಿಕೊಳ್ಳುವುದನ್ನು. ನೆರಿಗೆ ಬಿದ್ದರೆ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದರೆ ಆಟವಿಲ್ಲ ಎಂದು. ನಮ್ಮ ಮಳೆಗಾಲದಲ್ಲಿ ಇನ್ನೊಂದು ಸೇರುತ್ತದೆ, ಒಣಗದ ಶೂ. ಹಳೆ ಪೇಪರ್ ಉಂಡೆ ಮಾಡಿ ಶೂ ಒಳಗೆ ತುರುಕಿ, ರಾತ್ರಿ ಬಚ್ಚಲಿನ ಒಲೆಯ ಹತ್ತಿರ ಇಡಬೇಕು. ತೀರಾ ಹತ್ತಿರ ಅಲ್ಲ, ಅಂಟು ಬಿಟ್ಟುಹೋಗುತ್ತದೆ.

ಮತ್ತೆ ತಲೆಯ ಬಟ್ಟೆ. ಇದನ್ನು ನೀವು ಗಮನವಿಟ್ಟು ಓದಬೇಕು. 2014ರಲ್ಲಿ ಕೊರಿಯಾದ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಕತಾರ್‌ನ ಹುಡುಗಿಯರಿಗೆ ಹಿಜಾಬ್ ತೆಗೆದು ಆಡಿ ಎಂದರು. ಅವರು ಮಂಗೋಲಿಯಾದ ವಿರುದ್ಧದ ಪಂದ್ಯ ಬಿಟ್ಟುಕೊಟ್ಟು ಮರಳಿದರು. ಎಷ್ಟು ತಿಂಗಳ ಅಭ್ಯಾಸವಿತ್ತೋ! ಆಮೇಲೆ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ನಿಯಮ ಬದಲಿಸಿತು. 2017ರ ಅಕ್ಟೋಬರ್ 1ರಿಂದ ತಲೆವಸ್ತ್ರಕ್ಕೆ ಅವಕಾಶವಿದೆ. ಆದರೆ ತಂಡದಲ್ಲಿ ಎಲ್ಲರದ್ದೂ ಒಂದೇ ಬಣ್ಣ ಆಗಿರಬೇಕು. ಮುಖ ಮುಚ್ಚಬಾರದು, ತುದಿಗಳು ಹೊರಗೆ ಜೋಲಾಡಬಾರದು, ಯಾರಿಗೂ ಗಾಯ ಮಾಡುವಂಥದ್ದು ಅದರಲ್ಲಿರಬಾರದು. ಅಂದರೆ ಪಿನ್ ಇಲ್ಲ. ದಿನವೂ ಪಿನ್ ಚುಚ್ಚಿ ರೂಢಿಯಾದ ಹುಡುಗಿ ಪಂದ್ಯದ ಬೆಳಿಗ್ಗೆ ಅದಿಲ್ಲದೆ ಕಟ್ಟಿಕೊಂಡು ಬಂದರೆ ಅವಳ ಅರ್ಧ ಗಮನ ತಲೆಯ ಮೇಲೆಯೇ ಇರುತ್ತದೆ. ಒಂದು ಕೈ ಬಟ್ಟೆಗೆ, ಒಂದು ಕೈ ಚೆಂಡಿಗೆ! ಆದ್ದರಿಂದ ಹಿಗ್ಗುವ ಬಟ್ಟೆಯ, ತಲೆಯಿಂದ ಇಳಿಸಿ ಹಾಕುವ ಹಿಜಾಬ್ ಹೊಲಿಸಿ. ಬಿಗಿಯಾಗಿದೆಯೇ, ಕಿವಿಗೆ ಸೀಟಿಯ ಸದ್ದು ಕೇಳುತ್ತದೆಯೇ ಎಂದು ಹಗುರ ಅಭ್ಯಾಸದಲ್ಲೇ ಹಾಕಿ ನೋಡಿಯಾಗಬೇಕು. ಹೊಸ ಬಟ್ಟೆಯನ್ನು ಈದ್‌ಗೆ ಇಡಿ, ಪಂದ್ಯಕ್ಕೆ ಬೇಡ.

ಒಂದು ಮಾತು ಮರೆಯಬಾರದು. ಈ ಹಗುರ ಅಭ್ಯಾಸ ಸೋಮಾರಿಗಳಿಗಲ್ಲ. ಹಿಂದಿನ ವಾರಗಳಲ್ಲಿ ಬೆವರಿಳಿಸಿದವರಿಗೆ ಮಾತ್ರ ಅದು ಫಲ ಕೊಡುತ್ತದೆ. ಮಳೆ ರಜೆಯಲ್ಲೂ ಮನೆಯ ಜಗುಲಿಯಲ್ಲಿ ದಿನಾ ಹಗ್ಗದಾಟ ಆಡಲು ನಾನು ಈಗ ಲೆಕ್ಕ ಹಾಕಿ ಕೊಡುತ್ತೇನೆ, ಚೀಟಿಯಲ್ಲಿ ತಾಯಿಯ ಸಹಿ ಬೇಕು. ಕೆಲವು ಸಹಿಗಳು ಹುಡುಗಿಯರ ಕೈಬರಹವನ್ನೇ ಹೋಲುತ್ತವೆ ಎಂಬುದು ಬೇರೆ.

ಮನೆಯಲ್ಲಿ ನೀವು ಮಾಡಬೇಕಾದದ್ದೂ ಹೆಚ್ಚಿಲ್ಲ. ದಿನಾ ಉಣ್ಣುವ ಅನ್ನ, ಮೀನು ಸಾರು ಬಡಿಸಿ. ಮಗಳಿಗೆ ಮ್ಯಾಚ್ ಎಂದು ಆ ರಾತ್ರಿ ತುಪ್ಪದೂಟ ಬೇಡ. ಪಾತ್ರೆ ಬೇರೆಯವರು ತೊಳೆಯಲಿ, ಅಣ್ಣ ತೊಳೆದರೂ ಆದೀತು! ಒಂಬತ್ತಕ್ಕೆ ದೀಪ ಆರಿಸಿ. ಗೆಲ್ಲಲೇಬೇಕು ಎಂದು ಹೇಳಬೇಡಿ. ಅವಳಿಗೆ ಗೊತ್ತಿದೆ.

2018ರ ಆ ಸಂಜೆಯನ್ನು ನೆನೆದಾಗಲೆಲ್ಲ ನನಗೆ ಒಂದು ಪ್ರಶ್ನೆ ಬರುತ್ತದೆ. ಆ ಎರಡು ಗಂಟೆಯ ಅಭ್ಯಾಸ ಯಾರಿಗಾಗಿ ಇತ್ತು? ಹುಡುಗಿಯರಿಗಾಗಿ ಅಲ್ಲ. ಸೋತರೆ ಶಾಲೆಯಲ್ಲಿ ಏನೆನ್ನುತ್ತಾರೋ ಎಂಬ ನನ್ನ ಹೆದರಿಕೆಯನ್ನು ಅವರ ಕಾಲುಗಳಿಂದ ಓಡಿಸುತ್ತಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ರಾತ್ರಿ ನಾವು ತಾಯಂದಿರು ಮಕ್ಕಳ ಕೈಯಿಂದ ಪುಸ್ತಕ ತೆಗೆಯಲು ಬಿಡುವುದಿಲ್ಲವಲ್ಲ, ಅಲ್ಲೂ ಹೆದರಿಕೆ ಯಾರದ್ದು ಎಂದು ನನಗೆ ಅನುಮಾನ. ನನ್ನ ಮಗನ ವಿಷಯದಲ್ಲಿ ನಾನೂ ಹಾಗೆಯೇ ಮಾಡಿದೆ, ಇಷ್ಟೆಲ್ಲ ತಿಳಿದ ಮೇಲೂ.

ಮೊದಲಿಗೆ ಹೇಳಿದ ಫೋನಿಗೆ ಬರುತ್ತೇನೆ. ಅದನ್ನು ಮಾಡಿದವರು ಆ ಉದ್ದ ಹುಡುಗಿಯ ಉಮ್ಮನೇ. ಅವರ ಚಿಕ್ಕ ಮಗಳು 2024ರ ಜೂನ್‌ನಲ್ಲಿ ನಮ್ಮ ಶಾಲೆಗೆ ಎಂಟನೆಯ ತರಗತಿಗೆ ಸೇರಿದ್ದಳು. ಆಟಕ್ಕೆ ಬರುತ್ತೇನೆಂದು ಅವಳೇ ಹಟ ಹಿಡಿದಾಗ ತಂದೆ ಎರಡು ವಾರ ಮಾತನಾಡಲಿಲ್ಲವಂತೆ. ಅಕ್ಕ ಮಾತನಾಡಿದಳಂತೆ. ಏನು ಹೇಳಿದಳೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ದೊಡ್ಡವಳು ಆಗ ನಮ್ಮೂರ ಸರಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು.

ನನ್ನ ಕಾಲು ಗಂಟೆಯ ವಿವರಣೆ ಮುಗಿದ ಮೇಲೆ ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಚಿಕ್ಕಿ ಕೊಟ್ಟಿರಂತೆ" ಎಂದರು. "ಕೊಟ್ಟೆ" ಎಂದೆ. "ತಿಂದಳಾ?" "ತಿಂದಳು." "ಸರಿ, ಶೂಗೆ ಪೇಪರ್ ತುರುಕಬೇಕಂತೆ ಎಂದು ದೊಡ್ಡವಳು ನಾಲ್ಕು ದಿನದ ಪತ್ರಿಕೆ ಹಿಡಿದು ಕೂತಿದ್ದಾಳೆ. ಇವತ್ತಿನದ್ದು ಅವಳ ಬಾಪ ಇನ್ನೂ ಓದಿಲ್ಲ, ಅದಕ್ಕೂ ಜಗಳ" ಎಂದು ಫೋನಿಟ್ಟರು.

ಮರುದಿನ ಗೆದ್ದಿರಾ ಎಂದು ನೀವು ಕೇಳುತ್ತೀರಿ. ಇಲ್ಲ. ಆರು ಅಂಕಗಳಿಂದ ಸೋತೆವು. ಎದುರಿನವರು ನಮಗಿಂತ ಒಳ್ಳೆಯ ತಂಡ, ಅಷ್ಟೇ. ಆದರೆ ಕೊನೆಯ ಹತ್ತು ನಿಮಿಷದಲ್ಲೂ ನಮ್ಮವರು ಓಡುತ್ತಿದ್ದರು. ಚಿಕ್ಕವಳನ್ನು ನಾಲ್ಕು ನಿಮಿಷ ಆಡಿಸಿದೆ. ಅವಳಿಗೆ ಎರಡು ಫ್ರೀ ಥ್ರೋ ಸಿಕ್ಕಿದವು. ಮೊದಲನೆಯದು ಬಳೆಗೆ ತಾಗಿ ಹೊರಗೆ ಹೋಯಿತು. ಎರಡನೆಯದಕ್ಕೆ ಮುಂಚೆ ಅವಳು ಬೇಲಿಯ ಕಡೆ ನೋಡಿದಳು. ಅಲ್ಲಿ ಮಳೆಯಲ್ಲಿ ಕೊಡೆ ಹಿಡಿದು ಅಕ್ಕ ನಿಂತಿದ್ದಳು, ಸುತ್ತಲಿನ ಎಲ್ಲರಿಗಿಂತ ಒಂದು ತಲೆ ಎತ್ತರಕ್ಕೆ.